ಯಾವ ಕಾಲು ಯಾವುದು?

ಗಣಪತಿ ಹಬ್ಬಕ್ಕೆ ಎರಡೇ ದಿನ ಇತ್ತು. ನಮ್ಮ ಓಣಿಯ ಹುಡುಗರ ಮೈಕಿನ ಪ್ರೀಆಂಪ್, ಅಂದರೆ ಮೈಕಿನ ಸಣ್ಣ ದನಿಯನ್ನು ಮೊದಲು ಹಿಗ್ಗಿಸುವ ಸರ್ಕಿಟ್, ಕೆಟ್ಟು ಕೂತಿತ್ತು. ಬಿಚ್ಚಿ ನೋಡಿದರೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ದಾವಣಗೆರೆ ಪೇಟೆಯ ಅಂಗಡಿಯೊಂದರಲ್ಲಿ ಕೇಳಿದೆ. ಅದಿಲ್ಲ ಅಂತ 2ಎನ್3904 ಕೊಟ್ಟರು. "ತಗಳ್ರಿ ಸರ, ಎರಡೂ ಒಂದೇ."

ನೋಡೋದಕ್ಕೇನೋ ಒಂದೇ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ದುಂಡು, ಕೆಳಗೆ ಮೂರು ಕಾಲು. ಹಳೆಯದು ಕೂತಿದ್ದ ಹಾಗೇ ಹೊಸದನ್ನು ಬೆಸುಗೆ ಹಾಕಿದೆ. ಮೈಕ್ ಮಾತಾಡಿತು, ಆದರೆ ಗಂಟಲು ಕಟ್ಟಿದವರ ಹಾಗೆ. ತೆಗೆದು ಮಲ್ಟಿಮೀಟರ್ ಹಿಡಿದರೆ ಟ್ರಾನ್ಸಿಸ್ಟರ್ ಸರಿಯಾಗೇ ಇದೆ! ಮೀಟರ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ಅರ್ಧ.

ಟ್ರಾನ್ಸಿಸ್ಟರ್ ಅಂದರೆ ಭದ್ರಾ ನಾಲೆಯ ತೂಬಿದ್ದ ಹಾಗೆ. ಬೇಸ್ ಎಂಬ ಕಾಲಿಗೆ ಚೂರು ಕರೆಂಟ್ ಕೊಟ್ಟರೆ ಕಲೆಕ್ಟರ್, ಎಮಿಟರ್‌ಗಳ ನಡುವೆ ಅದರ ನೂರಾರು ಪಟ್ಟು ಹರಿಯುತ್ತದೆ. ಆದರೆ ಮೀಟರನ್ನು ಡಯೋಡ್ ಪರೀಕ್ಷೆಯ ಗುರುತಿಗೆ ತಿರುಗಿಸಿಟ್ಟರೆ ಅದಕ್ಕೆ ಈ ತೂಬು ಕಾಣುವುದಿಲ್ಲ. ಅದಕ್ಕೆ ಕಾಣುವುದು ಬೇಸ್‌ನಿಂದ ಹೊರಟ ಎರಡು ಡಯೋಡ್ ಮಾತ್ರ. ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಬಿಡುತ್ತದೆ, ಅಲ್ವಾ? ಗುರುತು ಹಿಡಿಯುವ ಆಟವೆಲ್ಲ ಇಲ್ಲೇ ಇದೆ.

ಮೂರು ಕಾಲುಗಳಿಗೆ ಮೀಟರಿನ ಎರಡು ಪ್ರೋಬ್ (ತಂತಿಯ ತುದಿಯ ಕಡ್ಡಿ) ಅದಲುಬದಲು ಮಾಡಿ ಹಿಡಿದರೆ ಒಟ್ಟು ಆರು ಸಲ ಆಗುತ್ತದೆ. ಒಳ್ಳೆ ಟ್ರಾನ್ಸಿಸ್ಟರ್ ಎರಡು ಸಲ ಮಾತ್ರ ಅಂಕಿ ತೋರಿಸಬೇಕು. ಸಿಲಿಕಾನ್‌ನಿಂದ ಮಾಡಿದ್ದಾದರೆ 600ರಿಂದ 700ರ ಆಸುಪಾಸು, ಅಂದರೆ ಮಿಲಿವೋಲ್ಟ್. ಆ ಎರಡೂ ಸಲ ಅಲುಗಾಡದೆ ಇದ್ದ ಕಾಲೇ ಬೇಸ್. ಅದರ ಮೇಲೆ ಕೆಂಪು ಪ್ರೋಬ್ ಇದ್ದರೆ ಎನ್‌ಪಿಎನ್, ಕಪ್ಪು ಇದ್ದರೆ ಪಿಎನ್‌ಪಿ. ಇವು ಟ್ರಾನ್ಸಿಸ್ಟರಿನ ಎರಡು ಜಾತಿ, ಕರೆಂಟಿನ ದಿಕ್ಕು ಒಂದಕ್ಕೊಂದು ಉಲ್ಟಾ. 200-300 ಬಂದರೆ ಹೆದರಬೇಡಿ. ಅದು ಹಳೇ ರೇಡಿಯೋದ ಎಸಿ128 ತರದ ಜರ್ಮೇನಿಯಂ ಇರಬಹುದು. 1947ರ ಡಿಸೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ಮಾಡಿದ ಮೊದಲ ಟ್ರಾನ್ಸಿಸ್ಟರ್ ಕೂಡ ಜರ್ಮೇನಿಯಂನದ್ದೇ. ಎರಡೂ ದಿಕ್ಕಿಗೆ ಸೊನ್ನೆ ಬಂದರೆ ಶಾರ್ಟ್, ಅಂದರೆ ಒಳಗೆ ಕಾಲುಗಳು ಒಂದಕ್ಕೊಂದು ಅಂಟಿವೆ. ಆರೂ ಸಲ ಏನೂ ಬರದಿದ್ದರೆ ಓಪನ್ (ಒಳಗೆ ಕಡಿದುಹೋಗಿದೆ), ಇಲ್ಲವೇ ನಿಮ್ಮ ಕೈಯಲ್ಲಿರುವುದು ಮಾಮೂಲಿ ಟ್ರಾನ್ಸಿಸ್ಟರೇ ಅಲ್ಲ.

ಬೇಸ್ ಸಿಕ್ಕಿತು. ಉಳಿದ ಎರಡರಲ್ಲಿ ಕಲೆಕ್ಟರ್ ಯಾವುದು? ನಾನು ಎಡವಿದ್ದು ಇಲ್ಲಿ. ಬೇಸ್‌ನಿಂದ ಒಂದು ಕಾಲಿಗೆ 672, ಇನ್ನೊಂದಕ್ಕೆ 678 ಬಂದಿತ್ತು. ಅಷ್ಟರಲ್ಲೇನು ಅಂತ ಸುಮ್ನೆ ಬಿಟ್ಟಿದ್ದೆ. ಆ ಆರು ಮಿಲಿವೋಲ್ಟೇ ಉತ್ತರ! ಕಲೆಕ್ಟರ್ ಕಡೆಯ ಜಂಕ್ಷನ್, ಅಂದರೆ ಆ ಕಡೆಯ ಡಯೋಡಿನ ಕೂಡುಜಾಗದ ಅಗಲ ಜಾಸ್ತಿ, ಅದಕ್ಕೇ ಅಲ್ಲಿ ಅಂಕಿ ಒಂಚೂರು ಕಡಿಮೆ ಬರುತ್ತದೆ. ಎಮಿಟರ್ ಕಡೆ ಜಾಸ್ತಿ.

ಇಷ್ಟು ಸಣ್ಣ ವ್ಯತ್ಯಾಸ ನಂಬುವುದಕ್ಕೆ ಧೈರ್ಯ ಬರದಿದ್ದರೆ ಅಗ್ಗದ ಡಿಟಿ830ಡಿ ಮೀಟರಿನಲ್ಲೂ ಎಚ್‌ಎಫ್‌ಇ (ಬೇಸ್ ಕರೆಂಟನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬ ಲೆಕ್ಕ) ಅಂತ ತೂತುಗಳಿರುತ್ತವೆ. ಡಯೋಡ್ ಪರೀಕ್ಷೆ ತೂಬು ಒಡೆದಿಲ್ಲ ಅಂತ ಹೇಳುತ್ತದೆ, ಅಷ್ಟೇ. ತಿರುಗಿಸಿದರೆ ಎಷ್ಟು ನೀರು ಬರುತ್ತದೆ ಅಂತ ಹೇಳುವುದು ಈ ತೂತು. ನನ್ನ 3904ನ್ನು ಬಿಸಿ547ರ ಲೆಕ್ಕದಲ್ಲಿ ಸಿಕ್ಕಿಸಿದೆ: 9. ತಿರುಗಿಸಿ ಸಿಕ್ಕಿಸಿದೆ: 190. ಗುಟ್ಟು ರಟ್ಟಾಯಿತು. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇಟ್ಟುಕೊಂಡರೆ ಬಿಸಿ547ಕ್ಕೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 3904ಕ್ಕೆ ಎಮಿಟರ್, ಬೇಸ್, ಕಲೆಕ್ಟರ್. ತಿರುಗಾಮುರುಗಾ ಹಾಕಿದ ಟ್ರಾನ್ಸಿಸ್ಟರ್ ಸಾಮಾನ್ಯವಾಗಿ ಸಾಯುವುದಿಲ್ಲ, ಮೈಗಳ್ಳತನ ಮಾಡುತ್ತದೆ. ಅರ್ಧ ಸುತ್ತು ತಿರುಗಿಸಿ ಬೆಸುಗೆ ಹಾಕಿದ್ದೇ ತಡ, ಮೈಕ್ ಇಡೀ ಓಣಿಗೆ ಕೇಳಿಸಿತು. ಅಂಗಡಿಯವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ಆ ಕೆಲಸಕ್ಕೆ ಎರಡೂ ಒಂದೇ, ಕಾಲು ಮಾತ್ರ ಬೇರೆ.

ಮುಳ್ಳಿನ ಮೀಟರ್ ಇಟ್ಟುಕೊಂಡವರಿಗೆ ಒಂದು ಮಾತು. ಓಮ್ಸ್ ರೇಂಜಿನಲ್ಲಿ (ರೆಸಿಸ್ಟೆನ್ಸ್ ಅಳೆಯುವ ಗುರುತು) ಸಾಮಾನ್ಯವಾಗಿ ಅದರ ಕಪ್ಪು ಪ್ರೋಬ್‌ನಲ್ಲೇ ಪ್ಲಸ್ ಇರುತ್ತದೆ. ಇದು ಗೊತ್ತಿಲ್ಲದೆ ಎನ್‌ಪಿಎನ್‌ನ ಪಿಎನ್‌ಪಿ ಅಂದುಕೊಂಡವರು ತುಂಬಾ ಜನ. ಆದರೆ ಆ ಮೀಟರಿನಲ್ಲಿ ಒಂದು ಚಂದದ ಆಟ ಇದೆ. ಎನ್‌ಪಿಎನ್ ಆದರೆ ಕಲೆಕ್ಟರ್ ಇರಬಹುದು ಅನ್ನಿಸಿದ ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕೆಂಪು ಹಿಡಿಯಿರಿ. ಬೆರಳು ಒದ್ದೆ ಮಾಡಿ ಬೇಸ್ ಮತ್ತು ಕಪ್ಪು ಪ್ರೋಬ್ ಎರಡನ್ನೂ ಒಟ್ಟಿಗೆ ಮುಟ್ಟಿ. ಮುಳ್ಳು ಜಿಗಿಯುತ್ತದೆ. ಪ್ರೋಬ್ ಬದಲಿಸಿ ಇನ್ನೊಮ್ಮೆ ನೋಡಿ. ಜಾಸ್ತಿ ಜಿಗಿದಾಗ ಕಪ್ಪು ಎಲ್ಲಿತ್ತೋ ಅದೇ ಕಲೆಕ್ಟರ್.

ಬೋರ್ಡಿನ ಮೇಲೇ ಅಳೆದು ತೀರ್ಪು ಕೊಡಬೇಡಿ, ಸುತ್ತಲಿನ ರೆಸಿಸ್ಟರುಗಳು ಮಧ್ಯೆ ಬಾಯಿ ಹಾಕುತ್ತವೆ. ಪವರ್ ತೆಗೆದು ಎರಡು ಕಾಲಾದರೂ ಬಿಡಿಸಿ. ಕೆಲವಕ್ಕೆ ಹೊಟ್ಟೆಯೊಳಗೇ ಬೇರೆ ಸಾಮಾನು ಇರುತ್ತದೆ. ಟಿಐಪಿ122ರಲ್ಲಿ ಎರಡು ಟ್ರಾನ್ಸಿಸ್ಟರ್ ಒಂದರ ಬೆನ್ನಿಗೊಂದು ಇರುವುದರಿಂದ ಬೇಸ್-ಎಮಿಟರ್ ಅಂಕಿ ಜಾಸ್ತಿ ಬರುತ್ತದೆ. ಅದೇ ಅಚ್ಚಿನ 7805 ಟ್ರಾನ್ಸಿಸ್ಟರೇ ಅಲ್ಲ, 5 ವೋಲ್ಟ್ ಕೊಡುವ ರೆಗ್ಯುಲೇಟರ್. ಹಾಗಾಗಿ ನಂಬರ್ ಅಳಿಸಿಹೋಗದಿದ್ದರೆ ಮೊದಲು ಅದನ್ನು ಓದಿ.

ಇನ್ನೊಂದು ಜಾತಿ ಇದೆ. ತಣ್ಣಗಿದ್ದಾಗ ಎಲ್ಲಾ ಸರಿ, ಹತ್ತು ನಿಮಿಷ ಕಾದ ಮೇಲೆ ಕೈಕೊಡುತ್ತದೆ. ಮೂರು ವೋಲ್ಟಿನ ಒಳಗೆ ಪರೀಕ್ಷೆ ಮುಗಿಸುವ ಮೀಟರ್ ಅದನ್ನು ಪಾಸು ಮಾಡಿ ಕಳಿಸಿಬಿಡುತ್ತದೆ. ಅಂಥದ್ದು ಸಿಕ್ಕಿದರೆ ನಾನು ಮೀಟರ್ ಪಕ್ಕಕ್ಕಿಟ್ಟು ಬೇರೆ ಟ್ರಾನ್ಸಿಸ್ಟರ್ ಹಾಕಿ ನೋಡುತ್ತೇನೆ, ಕಾಲು ಸರಿಯಾಗಿ ಎಣಿಸಿಕೊಂಡು.