ಟೆಕ್ನಿಕಲ್ ಡೈವಿಂಗ್‌ನಲ್ಲಿ ‘ಸ್ಟ್ಯಾಂಡರ್ಡ್ಸ್’ ಅಂದರೆ ಏನು, ಅವನ್ನು ಬರೆಯುವವರು ಯಾರು?

ಸ್ಕೂಬಾ ಕಲಿಯಲು ಹೋದವರ ಕಿವಿಗೆ ‘ಏಜೆನ್ಸಿ’, ‘ಸ್ಟ್ಯಾಂಡರ್ಡ್ಸ್’ ಎಂಬ ಎರಡು ಮಾತು ಮೊದಲ ದಿನವೇ ಬೀಳುತ್ತವೆ. ಏಜೆನ್ಸಿ ಅಂದರೆ ಡೈವಿಂಗ್ ತರಬೇತಿ ನಡೆಸಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ, ಸ್ಟ್ಯಾಂಡರ್ಡ್ಸ್ ಅಂದರೆ ಅದು ಬರೆದಿಟ್ಟ ನಿಯಮಗಳು. ತುಂಬಾ ಜನ ಇವನ್ನು ಕಾಗದ ಪತ್ರದ ವಿಷಯ ಅಂತ ಬಿಟ್ಟುಬಿಡುತ್ತಾರೆ. ಆದರೆ ಟೆಕ್ನಿಕಲ್ ಡೈವಿಂಗ್‌ನಲ್ಲಿ ಡೈವರ್ ಜೀವಂತ ಮೇಲೆ ಬರುವುದು ಬಹುಮಟ್ಟಿಗೆ ಇವುಗಳಿಂದಲೇ.

ಟೆಕ್ನಿಕಲ್ ಡೈವಿಂಗ್ ಅಂದರೆ ಏನು ಅಂತ ಮೊದಲು ನೋಡೋಣ. ಮೋಜಿಗಾಗಿ ಮಾಡುವ ಸಾಮಾನ್ಯ ಡೈವಿಂಗ್‌ಗೆ 40 ಮೀಟರ್ ಆಳದ ಮಿತಿ ಇದೆ. ಅಲ್ಲಿ ಏನಾದರೂ ಎಡವಟ್ಟಾದರೆ ನಿಧಾನವಾಗಿ ನೇರ ಮೇಲಕ್ಕೆ ಬರಬಹುದು. ಟೆಕ್ನಿಕಲ್ ಡೈವಿಂಗ್‌ನಲ್ಲಿ ಆ ದಾರಿ ಮುಚ್ಚಿರುತ್ತದೆ. ಗುಹೆಯೊಳಗೆ ತಲೆಯ ಮೇಲೆ ಬಂಡೆ ಇರುತ್ತದೆ. ಮುಳುಗಿದ ಹಡಗಿನೊಳಗೆ ಕಬ್ಬಿಣ ಇರುತ್ತದೆ. ತೆರೆದ ಸಮುದ್ರದಲ್ಲೇ ಇದ್ದರೂ ಆಳದಲ್ಲಿ ಜಾಸ್ತಿ ಹೊತ್ತು ಕಳೆದವರ ಮೈಯಲ್ಲಿ ನೈಟ್ರೋಜನ್ ತುಂಬಿಕೊಂಡಿರುತ್ತದೆ. ಅವರು ದಾರಿಯಲ್ಲಿ ಅಲ್ಲಲ್ಲಿ ನಿಂತು, ಅದು ಹೊರಹೋಗುವವರೆಗೆ ಕಾದೇ ಮೇಲೆ ಬರಬೇಕು. ಇದಕ್ಕೆ ಡಿಕಂಪ್ರೆಶನ್ ಎನ್ನುತ್ತಾರೆ. ಕಾಯದೆ ಮೇಲೆ ಬಂದರೆ ರಕ್ತದಲ್ಲಿ, ಅಂಗಾಂಶದಲ್ಲಿ ಗುಳ್ಳೆ ಏಳುತ್ತವೆ. ಕೈಕಾಲು ಸ್ವಾಧೀನ ತಪ್ಪಬಹುದು, ಜೀವವೂ ಹೋಗಬಹುದು. ಅಂದರೆ ಎಂಥ ತೊಂದರೆ ಬಂದರೂ ಅದನ್ನು ನೀರಿನ ಕೆಳಗೇ ಬಗೆಹರಿಸಬೇಕು. ‘ಟೆಕ್ನಿಕಲ್ ಡೈವಿಂಗ್’ ಎಂಬ ಹೆಸರನ್ನು 1990ರ ದಶಕದ ಆರಂಭದಲ್ಲಿ ಬಳಕೆಗೆ ತಂದವರು ಅಮೆರಿಕದ ಪತ್ರಕರ್ತ ಮೈಕೆಲ್ ಮೆಂಡೂನೊ.

ಇನ್ನು ಸ್ಟ್ಯಾಂಡರ್ಡ್ಸ್. ಇವು ಹುಟ್ಟಿದ್ದು ಹೇಗೆ ಅಂತ ತಿಳಿಯಲು ಫ್ಲೋರಿಡಾದ ಗುಹೆಗಳಿಗೆ ಹೋಗಬೇಕು. ಅಲ್ಲಿನ ನೀರು ತುಂಬಿದ ಗುಹೆಗಳಲ್ಲಿ 1960, 70ರ ದಶಕಗಳಲ್ಲಿ ಸಾಲು ಸಾಲಾಗಿ ಡೈವರ್‌ಗಳು ಸತ್ತರು. ಗುಹೆ ಡೈವರ್ ಶೆಕ್ ಎಕ್ಸ್‌ಲಿ ಆ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, 1979ರಲ್ಲಿ ಒಂದು ಪುಟ್ಟ ಕೈಪಿಡಿ ಬರೆದರು. ಮೂರು ಕಾರಣಗಳು ಮತ್ತೆ ಮತ್ತೆ ಕಾಣಿಸಿದವು. ಹೊರಬಾಗಿಲಿನವರೆಗೆ ತುಂಡಾಗದ ಹಗ್ಗ ಇರಲಿಲ್ಲ. ವಾಪಸ್ ಬರಲು ಸಾಕಷ್ಟು ಗಾಳಿ ಉಳಿಸಿರಲಿಲ್ಲ. ಮಿತಿ ಮೀರಿದ ಆಳಕ್ಕೆ ಹೋಗಿದ್ದರು. ಮುಂದೆ ಇದಕ್ಕೆ ತರಬೇತಿ ಮತ್ತು ಟಾರ್ಚ್ ಎಂಬ ಇನ್ನೆರಡು ಸೇರಿ ಐದು ನಿಯಮಗಳಾದವು. ಇವತ್ತಿಗೂ ಗುಹೆ ಡೈವಿಂಗ್ ಕೋರ್ಸ್‌ಗಳ ಬುನಾದಿ ಇವೇ.

ಗಾಳಿಯ ನಿಯಮವನ್ನೇ ತೆಗೆದುಕೊಳ್ಳಿ. ಅದನ್ನು ‘ಮೂರನೇ ಒಂದು ಭಾಗ’ದ ನಿಯಮ ಎನ್ನುತ್ತಾರೆ. ಸಿಲಿಂಡರ್‌ನಲ್ಲಿ 210 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಗಾಳಿ ಇದೆ ಅಂದುಕೊಳ್ಳಿ. 70 ಬಾರ್ ಖರ್ಚಾದ ಕೂಡಲೇ ತಿರುಗಬೇಕು, ಮುಂದೆ ಎಂಥ ಚೆಂದದ ಸುರಂಗ ಇದ್ದರೂ ಸರಿ. ವಾಪಸ್ ಬರಲು 70. ಉಳಿದ 70 ಜೊತೆಗಾರನದು. ತಿರುಗುವ ಜಾಗದಲ್ಲೇ ಅವನ ಗಾಳಿ ಪೂರ್ತಿ ಹೋಯಿತು ಅಂದರೆ, ನಿಮ್ಮ 140 ಬಾರ್‌ನಲ್ಲಿ ಇಬ್ಬರೂ ಹೊರಗೆ ಬರಬೇಕು. ಲೆಕ್ಕ ಸರಿಹೋಯಿತು, ಅಲ್ವಾ? ಆದರೆ ಹೆದರಿದವನು ಜಾಸ್ತಿ ಉಸಿರಾಡುತ್ತಾನೆ. ಫ್ಲೋರಿಡಾದ ಬಹಳಷ್ಟು ಬುಗ್ಗೆಗಳಲ್ಲಿ ನೀರು ಹೊರಕ್ಕೆ ಹರಿಯುವುದರಿಂದ ವಾಪಸ್ ಬರುವಾಗ ಹರಿವೇ ತಳ್ಳಿಕೊಡುತ್ತದೆ. ಹರಿವಿಲ್ಲದ ಗುಹೆಯಲ್ಲಿ ಆ ಸಹಾಯ ಇರುವುದಿಲ್ಲ, ಅಲ್ಲಿ ಇನ್ನೂ ಬೇಗ ತಿರುಗಬೇಕು. ಸ್ಟ್ಯಾಂಡರ್ಡ್ ಹೇಳುವುದು ಕನಿಷ್ಠ ಮಟ್ಟವನ್ನು ಮಾತ್ರ ಅನ್ನುವುದು ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಇನ್ನೊಂದು ದೊಡ್ಡ ಅಪಾಯ ಆಮ್ಲಜನಕದ್ದೇ. ಒತ್ತಡ ಏರಿದಂತೆ ಅದು ವಿಷವಾಗುತ್ತದೆ. ನೀರಿನಡಿ ಫಿಟ್ಸ್ ಬರುತ್ತದೆ, ಬಾಯಲ್ಲಿದ್ದ ರೆಗ್ಯುಲೇಟರ್ (ಉಸಿರಾಡುವ ಸಾಧನ) ಜಾರುತ್ತದೆ, ಡೈವರ್ ಮುಳುಗಿ ಸಾಯುತ್ತಾನೆ. ಅದಕ್ಕೇ ಈಜುತ್ತಿರುವಾಗ ಆಮ್ಲಜನಕದ ಪಾಲಿನ ಒತ್ತಡ 1.4 ಬಾರ್, ಡಿಕಂಪ್ರೆಶನ್‌ಗೆ ನಿಂತಾಗ 1.6 ಬಾರ್ ಮೀರಬಾರದು ಅಂತ ಹೆಚ್ಚಿನ ಏಜೆನ್ಸಿಗಳು ಹೇಳುತ್ತವೆ. ಈ ಲೆಕ್ಕದಲ್ಲಿ ಅಪ್ಪಟ ಆಮ್ಲಜನಕವನ್ನು 6 ಮೀಟರ್‌ಗಿಂತ ಕೆಳಗೆ ಉಸಿರಾಡುವಂತಿಲ್ಲ. ಅರ್ಧ ಆಮ್ಲಜನಕ ಇರುವ ಮಿಶ್ರಣಕ್ಕೆ 21 ಮೀಟರ್ ಮಿತಿ.

ಟೆಕ್ನಿಕಲ್ ಡೈವರ್ ಇಂಥ ಬೇರೆ ಬೇರೆ ಮಿಶ್ರಣದ ಎರಡು ಮೂರು ಸಿಲಿಂಡರ್ ಹೊತ್ತಿರುತ್ತಾನೆ. ತಪ್ಪು ಸಿಲಿಂಡರ್‌ನಿಂದ ಉಸಿರೆಳೆದರೆ ಮುಗಿಯಿತು. ಆದ್ದರಿಂದ ತಯಾರಿ ದಡದಲ್ಲೇ ಶುರುವಾಗುತ್ತದೆ. ಅನಿಲವನ್ನು ಡೈವರ್ ತಾನೇ ಅನಲೈಜರ್ ಹಿಡಿದು ಅಳೆಯುತ್ತಾನೆ. ಶೇಕಡಾವಾರು, ತಾರೀಖು, ತನ್ನ ಸಹಿ, ಎಲ್ಲವನ್ನೂ ಟೇಪಿನ ಮೇಲೆ ಬರೆದು ಸಿಲಿಂಡರ್‌ಗೆ ಅಂಟಿಸುತ್ತಾನೆ. ಗರಿಷ್ಠ ಆಳವನ್ನು ಜೊತೆಗಾರನಿಗೂ ಕಾಣುವಂತೆ ದಪ್ಪ ಅಂಕಿಯಲ್ಲಿ ಬರೆದಿರುತ್ತಾರೆ. ಮೇಲೇರುತ್ತಾ 21 ಮೀಟರ್‌ಗೆ ಬಂದಾಗ ಸುಮ್ನೆ ರೆಗ್ಯುಲೇಟರ್ ಬದಲಿಸುವಂತಿಲ್ಲ. ಮೊದಲು ಆಳ ನೋಡಬೇಕು. ಸಿಲಿಂಡರ್ ಮೇಲಿನ ಅಂಕಿಯನ್ನು ಜೊತೆಗಾರನಿಗೆ ತೋರಿಸಬೇಕು. ವಾಲ್ವ್ ತಿರುಗಿಸಿ, ಅಲ್ಲಿಂದ ಬಾಯಿಯವರೆಗೆ ಹೋಸ್‌ನ ಉದ್ದಕ್ಕೂ ಕೈಯಾಡಿಸಿ, ಇದು ಅದೇ ಸಿಲಿಂಡರ್‌ನದು ಅಂತ ಖಚಿತ ಮಾಡಿಕೊಳ್ಳಬೇಕು. ಜೊತೆಗಾರ ಸರಿ ಅಂತ ಸನ್ನೆ ಮಾಡಿದ ಮೇಲೆ ಉಸಿರು. ನೂರನೇ ಸಲವೂ ಇದೇ ಕ್ರಮ. ನನ್ನ ಮಟ್ಟಿಗೆ ಈ ಕ್ರೀಡೆಯಲ್ಲಿ ಅತಿ ಸುಂದರವಾದದ್ದು ಈ ಶಿಸ್ತು. ಒಬ್ಬನ ಕಣ್ತಪ್ಪನ್ನು ಇನ್ನೊಬ್ಬನ ಕಣ್ಣು ಹಿಡಿಯಲಿ ಅಂತಲೇ ಇದನ್ನು ಕಟ್ಟಿದ್ದಾರೆ.

ಹಾಗಾದರೆ ಇವನ್ನೆಲ್ಲ ಬರೆಯುವವರು ಯಾರು? ವಾಹನ ಓಡಿಸಲು ಆರ್‌ಟಿಒ ಲೈಸೆನ್ಸ್ ಕೊಡುವ ಹಾಗೆ ಇಲ್ಲಿ ಸರ್ಕಾರ ಕೊಡುವುದಿಲ್ಲ. ಎಲ್ಲವೂ ಖಾಸಗಿ ಸಂಸ್ಥೆಗಳು. ನೈಟ್ರಾಕ್ಸ್ ಎಂಬ ಆಮ್ಲಜನಕ ಹೆಚ್ಚಿಸಿದ ಗಾಳಿಯನ್ನು ಸಾಮಾನ್ಯ ಡೈವರ್‌ಗಳಿಗೆ ಕಲಿಸಲು ಡಿಕ್ ರುಟ್ಕೊವ್‌ಸ್ಕಿ 1985ರಲ್ಲಿ ಕಟ್ಟಿದ ಸಂಸ್ಥೆಯೇ ಈಗಿನ ಐಎಎನ್‌ಟಿಡಿ. 1994ರಲ್ಲಿ ಟಿಡಿಐ ಬಂತು. 1998ರಲ್ಲಿ ಜ್ಯಾರೊಡ್ ಜಬ್ಲೊನ್‌ಸ್ಕಿ ಜಿಯುಇ ಶುರುಮಾಡಿದರು. 1966ರಿಂದ ಸಾಮಾನ್ಯ ಡೈವಿಂಗ್ ಕಲಿಸುತ್ತಿದ್ದ ಪಾಡಿಯೂ ಆಮೇಲೆ ಟೆಕ್ನಿಕಲ್ ಕಡೆಗೆ ಬಂತು.

ಪ್ರತಿ ಏಜೆನ್ಸಿಗೂ ತನ್ನದೇ ನಿಯಮದ ಪುಸ್ತಕ ಇದೆ. ಕೋರ್ಸ್ ಸೇರಲು ಎಷ್ಟು ವಯಸ್ಸಾಗಿರಬೇಕು, ಹಿಂದೆ ಎಷ್ಟು ಡೈವ್ ಮಾಡಿರಬೇಕು, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ವಿದ್ಯಾರ್ಥಿಗಳು, ಎಷ್ಟು ಆಳ, ಯಾವ ಯಾವ ಅಭ್ಯಾಸ ಮಾಡಿ ತೋರಿಸಬೇಕು, ಎಲ್ಲ ಅದರಲ್ಲಿರುತ್ತದೆ. ಆದರೆ ಎಲ್ಲರ ಪುಸ್ತಕ ಒಂದೇ ಅಲ್ಲ. ಆಳದಲ್ಲಿ ಗಾಳಿಯ ನೈಟ್ರೋಜನ್ ಮದ್ಯದಂತೆ ಮಂಕು ಕವಿಸುತ್ತದೆ. ಜಿಯುಇ ಆದ್ದರಿಂದ 30 ಮೀಟರ್‌ನ ಆಚೆಗೆ ಮಂಕು ಕವಿಸದ ಹೀಲಿಯಂ ಬೆರೆಸಿಯೇ ಹೋಗಬೇಕು ಎನ್ನುತ್ತದೆ. ಟಿಡಿಐಯಲ್ಲಿ 55 ಮೀಟರ್‌ವರೆಗೂ ಗಾಳಿಯಲ್ಲೇ ಇಳಿಯುವುದನ್ನು ಕಲಿಸುವ ಕೋರ್ಸ್ ಇದೆ. ಹೀಲಿಯಂ ದುಬಾರಿ, ಎಲ್ಲ ಕಡೆ ಸಿಗುವುದೂ ಇಲ್ಲ, ನಿಜ. ಆದರೂ ಅಷ್ಟು ಆಳದಲ್ಲಿ ತಲೆ ಚುರುಕಾಗಿರುವುದು ಮುಖ್ಯ ಅಂತ ನಾನು ಜಿಯುಇ ಪಕ್ಷದಲ್ಲೇ ನಿಲ್ಲುತ್ತೇನೆ.

ನಿಯಮ ಬರೆದಿಟ್ಟರೂ ಮುರಿಯುವವರು ಇದ್ದೇ ಇರುತ್ತಾರೆ. ‘ನಾನಿದ್ದೀನಲ್ಲ, ಬನ್ನಿ’ ಅಂತ ಅನುಭವಿಯೊಬ್ಬರು ಕರೆದರು, ತರಬೇತಿ ಇಲ್ಲದವರು ಹಿಂದೆ ಹೋದರು. ಡೈವರ್‌ಗಳು ಇದನ್ನು ‘ಟ್ರಸ್ಟ್ ಮಿ ಡೈವ್’ ಎನ್ನುತ್ತಾರೆ. ಇದಕ್ಕೆ ಎದುರಾಗಿ ಗುಹೆ ಡೈವರ್‌ಗಳಲ್ಲಿ ಒಂದು ಕಟ್ಟುಪಾಡು ಇದೆ: ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವ್ ನಿಲ್ಲಿಸಬಹುದು. ಯಾಕೆ ಅಂತ ಯಾರೂ ಕೇಳಬಾರದು.

ನಮ್ಮ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದಲ್ಲಿ ಮಾಡುವ ಡೈವ್ ಟೆಕ್ನಿಕಲ್ ಅಲ್ಲ. ಆದರೆ ಅದಕ್ಕೂ ಸ್ಟ್ಯಾಂಡರ್ಡ್ ಇದೆ. ಮೊದಲ ಸಲ ರುಚಿ ನೋಡುವವರನ್ನು 12 ಮೀಟರ್‌ಗಿಂತ ಕೆಳಗೆ ಒಯ್ಯಬಾರದು ಅಂತ ಪಾಡಿ ಹೇಳುತ್ತದೆ. ನೀರಿಗಿಳಿಯುವ ಮೊದಲು ಆರೋಗ್ಯದ ಪ್ರಶ್ನಾವಳಿ ತುಂಬಿಸಬೇಕು. ಅಸ್ತಮಾ, ಹೃದಯದ ತೊಂದರೆ ಇದ್ದರೆ ಅಲ್ಲಿ ಮುಚ್ಚಿಡಬೇಡಿ. ಇನ್‌ಸ್ಟ್ರಕ್ಟರ್ ಯಾವ ಏಜೆನ್ಸಿಯವರು, ಅವರ ನಂಬರ್ ಏನು ಅಂತ ಕೇಳಿ. ಅದು ಈಗಲೂ ಚಾಲ್ತಿಯಲ್ಲಿದೆಯೇ ಅಂತ ಏಜೆನ್ಸಿಯನ್ನು ವಿಚಾರಿಸಬಹುದು. ನಿಯಮ ಮುರಿದದ್ದು ಕಂಡರೆ ಅಪಘಾತ ಆಗಿರಲೇಬೇಕು ಅಂತಿಲ್ಲ, ಅದಕ್ಕೂ ಮೊದಲೇ ಏಜೆನ್ಸಿಗೆ ದೂರು ಬರೆಯಬಹುದು.