ವೈಡ್1-1, ವೈಡ್2-1: ಡಿಜಿಪೀಟರ್ ಪಾತ್ ಓದುವ ಬಗೆ

ಎಪಿಆರ್‌ಎಸ್ ಅಂದರೆ ಹ್ಯಾಮ್ (ಹವ್ಯಾಸಿ) ರೇಡಿಯೊದವರು ತಾವಿರುವ ಜಾಗದಂಥ ಪುಟ್ಟ ಮಾಹಿತಿಯನ್ನು ರೇಡಿಯೊದಲ್ಲಿ ಹಂಚಿಕೊಳ್ಳುವ ವ್ಯವಸ್ಥೆ. ಅದರ ಮೂಲ ಸಂಗತಿ ಮೊದಲು. ಟ್ರ್ಯಾಕರ್ ತಾನಿರುವ ಜಾಗವನ್ನು ಪುಟ್ಟ ಪ್ಯಾಕೆಟ್ಟಾಗಿ ಪ್ರಸಾರ ಮಾಡುತ್ತದೆ. ವೇಗ 1200 ಬಾಡ್ (ಇಲ್ಲಿ ಸೆಕೆಂಡಿಗೆ 1200 ಬಿಟ್), ಪ್ಯಾಕೆಟ್ಟಿನ ಚೌಕಟ್ಟು ಎಎಕ್ಸ್.25 ಎಂಬ ಪ್ರೋಟೊಕಾಲ್‌ನದು. ಡಿಜಿಪೀಟರ್ ಆ ಪ್ಯಾಕೆಟ್ಟನ್ನು ಪೂರ್ತಿ ಕೇಳಿ, ಕೆಟ್ಟಿಲ್ಲವೆಂದು ಪರೀಕ್ಷಿಸಿ, ಅದೇ ಫ್ರೀಕ್ವೆನ್ಸಿಯಲ್ಲಿ ಮತ್ತೆ ಕಳಿಸುತ್ತದೆ. ಮಾತಿನ ರಿಪೀಟರ್‌ಗೆ ಬೇಕಾಗುವ ಎರಡು ಫ್ರೀಕ್ವೆನ್ಸಿ ಇಲ್ಲಿ ಬೇಡ. ಉತ್ತರ ಅಮೆರಿಕದಲ್ಲಿ 144.390, ಯುರೋಪಿನಲ್ಲಿ 144.800 ಮೆಗಾಹರ್ಟ್ಸ್. ಇಷ್ಟು ಸುಲಭ. ಕಷ್ಟವಿರುವುದು ಪಾತ್‌ನಲ್ಲಿ, ಅಂದರೆ ಯಾವ ಡಿಜಿಪೀಟರ್‌ಗಳು ಮುಂದೆ ಕಳಿಸಬೇಕೆಂದು ಪ್ಯಾಕೆಟ್ಟಿನಲ್ಲೇ ಬರೆದ ಪಟ್ಟಿಯಲ್ಲಿ. ‘ವೈಡ್1-1, ವೈಡ್2-1’ ಅಂಥದೊಂದು ಪಟ್ಟಿ.

ವೈಡ್2-1 ಎಂಬುದನ್ನು ಒಂದು ಆಜ್ಞೆ ಎಂದು ಓದಿದಷ್ಟು ದಿನ ಅದು ಅರ್ಥವಾಗುವುದಿಲ್ಲ. ಅದು ಒಂದು ವಿಳಾಸ. ಎಎಕ್ಸ್.25ರಲ್ಲಿ ಪ್ರತಿ ವಿಳಾಸಕ್ಕೂ 7 ಬೈಟ್: ಆರರಲ್ಲಿ ಕಾಲ್‌ಸೈನ್ (ಸ್ಟೇಷನ್‌ನ ಗುರುತಿನ ಹೆಸರು), ಏಳನೆಯದರಲ್ಲಿ ಎಸ್‌ಎಸ್‌ಐಡಿ (ಆ ಹೆಸರಿಗೆ ಅಂಟುವ 0ಯಿಂದ 15ರವರೆಗಿನ ಅಂಕಿ), ಜೊತೆಗೆ ‘ಈ ವಿಳಾಸದ ಕೆಲಸ ಮುಗಿದಿದೆ’ ಎಂದು ಹೇಳುವ ಒಂದು ಬಿಟ್. ಅಂದರೆ ‘ವೈಡ್2’ ಕಾಲ್‌ಸೈನ್ ಇರಬೇಕಾದ ಜಾಗದಲ್ಲಿ ಕೂತ ಹೆಸರು, ‘1’ ಅದರ ಎಸ್‌ಎಸ್‌ಐಡಿ. ಒಂದು ಹಾಪ್ (ಒಂದು ಮರುಪ್ರಸಾರ) ಕಳೆಯುವುದೆಂದರೆ ಎಸ್‌ಎಸ್‌ಐಡಿಯಿಂದ ಒಂದು ಕಳೆಯುವುದು. ಹೊಸ ವ್ಯವಸ್ಥೆ ಏನೂ ಇಲ್ಲ, ಹಳೆಯ ಚೌಕಟ್ಟಿನಲ್ಲೇ ಎಲ್ಲ ನಡೆದುಹೋಗುತ್ತದೆ. ಇದು ನನಗೆ ತುಂಬ ಹಿಡಿಸಿದ ಜಾಣತನ.

ಎಡಗಡೆಯ ಅಂಕಿ ಮೊದಲು ಬೇಡಿದ ಹಾಪ್‌ಗಳು, ಬಲಗಡೆಯದು ಉಳಿದವು. ಎಡಗಡೆಯದು ಬದಲಾಗದ ಕಾರಣ, ವೈಡ್7-7ರಂಥ ದುರಾಸೆಯ ಪ್ಯಾಕೆಟ್ಟನ್ನು ಡಿಜಿಪೀಟರ್ ಎಷ್ಟನೆಯ ಹಾಪ್‌ನಲ್ಲಿದ್ದರೂ ಗುರುತಿಸಿ ತಡೆಯಬಹುದು.

ಈಗ ಒಂದು ಕಾರಿನ ಪ್ಯಾಕೆಟ್ಟನ್ನು ಹಿಂಬಾಲಿಸೋಣ. ‘ಮನೆ’ ಎಂಬುದು ವೈಡ್1-1ಕ್ಕೆ ಮಾತ್ರ ಓಗೊಡುವ ಫಿಲ್-ಇನ್ ಡಿಜಿ, ಅಂದರೆ ಹತ್ತಿರದವರಿಗೆ ನೆರವಾಗುವ ಸಣ್ಣ ಡಿಜಿಪೀಟರ್. ‘ಗುಡ್ಡ’ ಎತ್ತರದಲ್ಲಿದ್ದು ಎರಡಕ್ಕೂ ಓಗೊಡುತ್ತದೆ.

ಕಾರು ಬಿಟ್ಟಾಗ: ವೈಡ್1-1, ವೈಡ್2-1
ಮನೆ ದಾಟಿದಾಗ: ಮನೆ*, ವೈಡ್2-1
ಗುಡ್ಡ ದಾಟಿದಾಗ: ಮನೆ, ಗುಡ್ಡ*

ನಕ್ಷತ್ರ ಚಿಹ್ನೆ ಆ ಕೆಲಸ ಮುಗಿದ ಬಿಟ್‌ನ ಗುರುತು. ಕೊನೆಯ ಸಾಲಿನಲ್ಲಿ ‘ಮನೆ’ಯ ನಕ್ಷತ್ರ ಅಳಿಸಿಹೋಗಿಲ್ಲ, ಮುಗಿದ ವಿಳಾಸಗಳಲ್ಲಿ ಕೊನೆಯದಕ್ಕೆ ಮಾತ್ರ ನಕ್ಷತ್ರ ತೋರಿಸುವುದು ವಾಡಿಕೆ. ಅದರ ಎಡಕ್ಕಿರುವುದೆಲ್ಲ ಮುಗಿದಿದೆ ಎಂದೇ ಓದಬೇಕು. ಕೆಲವು ಡಿಜಿಗಳು ‘ಮನೆ, ಗುಡ್ಡ, ವೈಡ್2*’ ಎಂದು ಖಾಲಿಯಾದ ವೈಡ್ ಅನ್ನೂ ಉಳಿಸುತ್ತವೆ. ಅರ್ಥ ಅದೇ.

ಸರಿ, ವೈಡ್1-1 ಮೊದಲೇ ಏಕೆ ಬರಬೇಕು? ಡಿಜಿ ನೋಡುವುದು ಇನ್ನೂ ಮುಗಿಯದ ಮೊದಲ ವಿಳಾಸವನ್ನು ಮಾತ್ರ. ಪಾತ್ ಅನ್ನು ವೈಡ್2-1, ವೈಡ್1-1 ಎಂದು ತಿರುಗಿಸಿ ಬರೆದರೆ, ಪಕ್ಕದಲ್ಲೇ ಇರುವ ‘ಮನೆ’ಗೆ ಮೊದಲು ಕಾಣುವುದು ವೈಡ್2-1. ಅದು ತನಗಲ್ಲವೆಂದು ಸುಮ್ಮನಾಗುತ್ತದೆ. ತಗ್ಗಿನಲ್ಲಿರುವ ಕಾರಿನ ದುರ್ಬಲ ಸಿಗ್ನಲ್ ನೇರವಾಗಿ ‘ಗುಡ್ಡ’ಕ್ಕೆ ಮುಟ್ಟದಿದ್ದರೆ ಪ್ಯಾಕೆಟ್ ಅಲ್ಲಿಗೇ ಸತ್ತಿತು. ಎರಡೂ ಹಾಪ್ ಹಾಗೇ ಉಳಿದಿರುತ್ತವೆ, ಬಳಸುವವರಿಲ್ಲ. ಸರಿಯಾದ ಕ್ರಮದಲ್ಲಿದ್ದರೆ ಹತ್ತಿರದ ಸಣ್ಣ ಡಿಜಿ ಕೈಹಿಡಿದು ಮೇಲೆತ್ತುತ್ತದೆ, ದೊಡ್ಡದು ದೂರಕ್ಕೆ ಸಾಗಿಸುತ್ತದೆ. ‘ಗುಡ್ಡ’ವೇ ಕಾರನ್ನು ನೇರವಾಗಿ ಕೇಳಿದರೂ ನಷ್ಟವಿಲ್ಲ: ಅದು ವೈಡ್1-1 ಅನ್ನು ಬಳಸಿಕೊಳ್ಳುತ್ತದೆ, ವೈಡ್2-1 ಮುಂದಿನ ಗುಡ್ಡಕ್ಕೆ ಉಳಿಯುತ್ತದೆ.

ಆಮೇಲೆ ‘ಮನೆ’ ಕಳಿಸಿದ ಪ್ರತಿಯೂ ‘ಗುಡ್ಡ’ಕ್ಕೆ ಕೇಳಿಸಿದರೆ? ಕಳಿಸಿದವರು, ಗಮ್ಯ, ಒಳಗಿನ ಮಾಹಿತಿ ಮೂರೂ ಒಂದೇ ಆಗಿದ್ದರೆ ಸುಮಾರು 30 ಸೆಕೆಂಡ್‌ಗಳವರೆಗೆ ಅದನ್ನು ನಕಲು ಎಂದು ಬಿಟ್ಟುಬಿಡುತ್ತದೆ. ಈ ಹೋಲಿಕೆಯಲ್ಲಿ ಪಾತ್ ಲೆಕ್ಕಕ್ಕಿಲ್ಲ, ಏಕೆಂದರೆ ಪಾತ್ ಪ್ರತಿ ಹಾಪ್‌ಗೂ ಬದಲಾಗುತ್ತದೆ.

ಹಾಪ್ ಹೆಚ್ಚಿಸುವ ಆಸೆ ಬೇಡ. 100 ಬೈಟ್ ಅಂದರೆ 800 ಬಿಟ್. 1200ರ ವೇಗದಲ್ಲಿ ಸೆಕೆಂಡಿನ ಮೂರರಲ್ಲಿ ಎರಡು ಪಾಲು, ಟ್ರಾನ್ಸ್‌ಮಿಟರ್ ಎಚ್ಚರಗೊಳ್ಳುವ ಹೊತ್ತೂ ಸೇರಿ ಸುಮಾರು ಒಂದು ಸೆಕೆಂಡ್. ಮರುಪ್ರಸಾರ ಮಾಡುವ ಪ್ರತಿ ಡಿಜಿಯೂ ಎಲ್ಲರೂ ಹಂಚಿಕೊಂಡ ಚಾನೆಲ್‌ನಿಂದ ಇಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಓಡಾಡುವ ವಾಹನಕ್ಕೆ ವೈಡ್1-1, ವೈಡ್2-1 ಸಾಕು. ಒಳ್ಳೆಯ ಆಂಟೆನಾ ಇರುವ ಸ್ಥಿರ ಸ್ಟೇಷನ್‌ಗೆ ಫಿಲ್-ಇನ್ ನೆರವು ಬೇಕಿಲ್ಲ, ಬರೀ ವೈಡ್2-1 ಹಾಕಿ.