ಫುಫು: ತಟ್ಟೆಯ ಮೇಲಿನ ಉಂಡೆಗಳಿಗೆಲ್ಲ ಒಂದೇ ಹೆಸರಲ್ಲ

ನೈಜೀರಿಯಾದ ಊಟ ತೋರಿಸುವ ಕನ್ನಡ ರೀಲ್ಸ್‌ಗಳಲ್ಲಿ ತಟ್ಟೆಯ ಮೇಲೆ ಉಂಡೆಯಾಗಿ ಏನು ಕಂಡರೂ ಅದು ‘ಫುಫು’. ಕಪ್ಪಗಿದ್ದರೂ ಫುಫು, ಬೆಳ್ಳಗಿದ್ದರೂ ಫುಫು, ಹಳದಿಗಿದ್ದರೂ ಫುಫು. ಈಚೆಗೆ ಇಬಾದಾನ್ ನಗರದ ಹೋಟೆಲೊಂದರ ಅಮಲಾಕ್ಕೂ, ಅಂದರೆ ಗೆಣಸಿನ ಹಿಟ್ಟಿನ ಕಡುಗಂದು ಮುದ್ದೆಗೂ, ಇದೇ ಹೆಸರು ಹಾಕಿದ್ದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಇಬಾದಾನ್ ಅಂದರೆ ಅಮಲಾದ ತವರು. ಅಲ್ಲಿನ ಯೊರುಬಾ ಜನ ಯಾರು ಯಾವ ಊರಿನವರು ಅನ್ನುವುದನ್ನು ಅವರು ಉಣ್ಣುವ ಉಂಡೆಯ ಮೇಲೆ ಗುರುತಿಸಿ ಕಿಚಾಯಿಸುತ್ತಾರೆ. ಅದೆಲ್ಲಕ್ಕೂ ಒಂದೇ ಹೆಸರಿಟ್ಟರೆ ಆ ಊಟದ ಬಗ್ಗೆ ಅವರವರಲ್ಲಿ ನಡೆಯುವ ಮಾತು, ತಮಾಷೆ, ಜಗಳ ಯಾವುದೂ ನಮಗೆ ಅರ್ಥವಾಗುವುದಿಲ್ಲ.

ಫುಫು ಒಂದು ನಿರ್ದಿಷ್ಟ ಅಡುಗೆ. ಯೊರುಬಾ ನಾಡಿನಲ್ಲಿ ಅದನ್ನು ಮಾಡುವುದು ಮರಗೆಣಸಿನಿಂದ. ಸಿಪ್ಪೆ ತೆಗೆದ ಗೆಣಸನ್ನು ಮೂರ್ನಾಲ್ಕು ದಿನ ನೀರಿನಲ್ಲಿ ನೆನೆಹಾಕುತ್ತಾರೆ. ಅದು ಹುಳಿತು ಮೆತ್ತಗಾಗುತ್ತದೆ, ಗೆಣಸಿನಲ್ಲಿರುವ ಸಯನೈಡ್‌ನ ಅಂಶವೂ ಇಳಿಯುತ್ತದೆ. ಆಮೇಲೆ ಕಿವುಚಿ, ನಾರು ಸೋಸಿ, ತಳದಲ್ಲಿ ಕೂತ ಬಿಳಿಯ ಗಸಿಯನ್ನು ಚೀಲದಲ್ಲಿ ಕಟ್ಟಿ ನೀರು ಹಿಂಡಿ, ಒಲೆಯ ಮೇಲೆ ತಿರುವಿ ಬೇಯಿಸುತ್ತಾರೆ. ಹುಳಿತದ್ದರಿಂದ ಅದಕ್ಕೆ ಗಾಢವಾದ ವಾಸನೆ ಇರುತ್ತದೆ. ಪೂರ್ವದ ಇಗ್ಬೊ ಜನ ಇದೇ ಅಡುಗೆಯನ್ನು ‘ಅಕ್ಪು’ ಅನ್ನುತ್ತಾರೆ. ಘಾನಾಕ್ಕೆ ಹೋದರೆ ಹೆಸರು ಅದೇ, ಅಡುಗೆ ಬೇರೆ: ಬೇಯಿಸಿದ ಮರಗೆಣಸನ್ನೂ ಹಸಿರು ಬಾಳೆಕಾಯಿಯನ್ನೂ ಒರಳಿಗೆ ಹಾಕಿ ಒಬ್ಬರು ಒನಕೆಯಲ್ಲಿ ಕುಟ್ಟುತ್ತಾರೆ, ಇನ್ನೊಬ್ಬರು ಕೈಯಿಂದ ಮಗುಚುತ್ತಾರೆ. ಹುಳಿಸುವ ಮಾತೇ ಇಲ್ಲ. ಕಾಂಗೊದಲ್ಲಿ ಮರಗೆಣಸಿನ ಹಿಟ್ಟನ್ನು ಬಿಸಿನೀರಿಗೆ ಹಾಕಿ ತಿರುವಿದರೂ ಫುಫುವೇ.

ಘಾನಾದ ಅಕಾನ್ ಭಾಷೆಯಲ್ಲಿ ‘ಫುಫುಒ’ ಅಂದರೆ ಬಿಳಿ. ಅಡುಗೆಯ ಹೆಸರನ್ನು ಅದಕ್ಕೇ ಸೇರಿಸಿ ಹೇಳುವುದುಂಟು. ಯೊರುಬಾದಲ್ಲಿ ಬಿಳಿಗೆ ‘ಫುನ್‌ಫುನ್’, ಕಪ್ಪಿಗೆ ‘ದುದು’. ಅಮಲಾದಲ್ಲೂ ‘ಅಮಲಾ ದುದು’, ‘ಅಮಲಾ ಫುನ್‌ಫುನ್’ ಎಂದು ಎರಡು ಬಗೆ ಇವೆ. ಕಪ್ಪು ಅನ್ನುವುದನ್ನು ಹೆಸರಿನಲ್ಲೇ ಹೊತ್ತುಕೊಂಡಿರುವ ಊಟಕ್ಕೆ ನಾವು ಬಿಳಿಯ ಹೆಸರು ಅಂಟಿಸುತ್ತಿದ್ದೇವೆ.

ಹಾಗಾದರೆ ಎಲ್ಲಕ್ಕೂ ಸೇರಿ ಒಂದು ಮಾತು ಬೇಡವೇ? ಇದೆ. ಯೊರುಬಾದಲ್ಲಿ ‘ಒಕೆಲೆ’ ಎಂದರೆ ತುತ್ತು. ಈ ಬಗೆಯ ಊಟಕ್ಕೆಲ್ಲ ಸಾಮಾನ್ಯ ಹೆಸರಾಗಿಯೂ ಅದೇ ಬಳಕೆಯಲ್ಲಿದೆ. ನೈಜೀರಿಯಾದ ಇಂಗ್ಲಿಷಿನಲ್ಲಿ ‘ಸ್ವಾಲೋ’ ಅನ್ನುತ್ತಾರೆ, ಏಕೆಂದರೆ ಅದನ್ನು ಅಗಿಯುವಂತಿಲ್ಲ, ನುಂಗಬೇಕು. ರಾಗಿ ಮುದ್ದೆ ಉಂಡವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಬೆರಳಲ್ಲಿ ಮುರಿದು, ಸಾರಿನಲ್ಲಿ ಅದ್ದಿ, ಗುಳುಂ ಎಂದು ಇಳಿಸುವ ಕ್ರಮ ಎರಡೂ ಕಡೆ ಒಂದೇ. ಕನ್ನಡದಲ್ಲಿ ಬರೆಯುವವರು ‘ಮುದ್ದೆ’ ಎಂದು ಧಾರಾಳವಾಗಿ ಬರೆಯಬಹುದು, ಯಾವುದರ ಮುದ್ದೆ ಎಂದು ಒಂದು ಮಾತು ಸೇರಿಸಿದರೆ ಸಾಕು. ಲಂಡನ್, ಹ್ಯೂಸ್ಟನ್ ಅಂಗಡಿಗಳ ಹಿಟ್ಟಿನ ಪೊಟ್ಟಣಗಳೂ 2021ರಲ್ಲಿ ಟಿಕ್‌ಟಾಕ್‌ನಲ್ಲಿ ಹಬ್ಬಿದ ‘ಫುಫು ಚಾಲೆಂಜ್’ ವಿಡಿಯೊಗಳೂ ಹೊರಗಿನವರ ಬಾಯಲ್ಲಿ ಈ ಒಂದು ಹೆಸರನ್ನು ಗಟ್ಟಿ ಮಾಡಿದವು. ಅಲ್ಲಿಂದಲೇ ಅದು ನಮ್ಮ ವಿಡಿಯೊಗಳಿಗೂ ದಾಟಿತು.

ಈಗ ಅಮಲಾದ ಕಪ್ಪಿನ ವಿಷಯ. ಬಹಳ ಜನ ಅದು ರಾಗಿಯೋ ಇನ್ಯಾವುದೋ ಕರಿಯ ಕಾಳೋ ಇರಬೇಕೆಂದುಕೊಳ್ಳುತ್ತಾರೆ. ಅಲ್ಲ. ಅದರ ಮೂಲ ‘ಇಶು’ ಎಂಬ ಗೆಣಸು, ಒಳಗೆ ಅಚ್ಚ ಬಿಳುಪು. ಅದನ್ನು ಹೆಚ್ಚಿ, ಕುದಿಯುವಷ್ಟು ಕಾಯದ ಬಿಸಿನೀರಿನಲ್ಲಿ ಹದವಾಗಿ ಬೇಯಿಸಿ, ಅದೇ ನೀರಲ್ಲಿ ರಾತ್ರಿಯಿಡೀ ಬಿಟ್ಟು, ಬಿಸಿಲಲ್ಲಿ ಗಟ್ಟಿಯಾಗುವ ತನಕ ಒಣಗಿಸುತ್ತಾರೆ. ಒಣಗಿದ ಹೋಳಿಗೆ ‘ಗ್ಬೊದೊ’ ಎಂದು ಹೆಸರು, ಬೀಸಿದ ಹಿಟ್ಟಿಗೆ ‘ಎಲುಬೊ’. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದಕ್ಕೆ ಕಾರಣವಾದ ಕ್ರಿಯೆಯೇ ಇಲ್ಲೂ ನಡೆಯುತ್ತದೆ, ಗೆಣಸಿನ ಫೀನಾಲ್‌ಗಳು ಗಾಳಿಗೆ ಸಿಕ್ಕಿ ಕಂದು ಬಣ್ಣಕ್ಕೆ ತಿರುಗುತ್ತವೆ. ಹಿಟ್ಟಾಗಿದ್ದಾಗ ಅದು ಮಾಸಲು ಬಣ್ಣದ್ದೇ. ಕುದಿಯುವ ನೀರಿಗೆ ಬಿದ್ದು, ‘ಒಮೊರೊಗುನ್’ ಎಂಬ ಮರದ ಕೋಲಿನ ಕೆಳಗೆ ಸಿಕ್ಕಾಗ ಕಣ್ಣೆದುರೇ ಕಡುಗಂದಾಗುತ್ತದೆ. ಮೊದಲ ಸುತ್ತಿನಲ್ಲಿ ಗಂಟು ಒಡೆಯುವ ಹಾಗೆ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ತಿರುವುತ್ತಾರೆ. ಮೇಲೆ ಸ್ವಲ್ಪ ನೀರು ಚಿಮುಕಿಸಿ ಮುಚ್ಚಿ ಹಬೆಯಲ್ಲಿ ಬೇಯಲು ಬಿಡುತ್ತಾರೆ. ಮತ್ತೊಮ್ಮೆ ತಿರುವಿದಾಗ ಹೊಳಪು ಬರುತ್ತದೆ. ಗಂಟುಳಿದ ಅಮಲಾ ಬಡಿಸಿದರೆ ಮನೆಗೆ ಬಂದ ಅತ್ತೆ ಏನೂ ಅನ್ನದೆ ಎದ್ದು ಹೋಗುವುದಿಲ್ಲ. ಬಿಳಿ ಅಮಲಾ, ಅಂದರೆ ‘ಲಾಫುನ್’, ಮರಗೆಣಸಿನ ಹಿಟ್ಟಿನದು. ಬಾಳೆಕಾಯಿ ಹಿಟ್ಟಿನದೂ ಇದೆ.

ಇಶುವನ್ನು ‘ಸುವರ್ಣಗಡ್ಡೆ’ ಎಂದು ಬರೆಯುವುದು ಇನ್ನೊಂದು ಎಡವಟ್ಟು. ಇಂಗ್ಲಿಷಿನ ‘ಯಾಮ್’ ಎಂಬ ಮಾತು ಭಾರತದಲ್ಲಿ ಸುವರ್ಣಗಡ್ಡೆಗೂ ಅಮೆರಿಕದಲ್ಲಿ ಸಿಹಿಗೆಣಸಿಗೂ ಹೊಂದಿಕೊಂಡುಬಿಟ್ಟಿದೆ. ಪಶ್ಚಿಮ ಆಫ್ರಿಕಾದ ಯಾಮ್ ಎರಡೂ ಅಲ್ಲ. ಅದು ಬಳ್ಳಿಯ ಗೆಣಸು, ನಮ್ಮ ಹೆಗ್ಗೆಣಸಿನ ಕುಲದ್ದು. ಜೋಯಿಡಾದ ಗೆಡ್ಡೆಗೆಣಸು ಮೇಳ ನೋಡಿದವರು ಅದರ ನಂಟರನ್ನು ಕಂಡೇ ಇರುತ್ತಾರೆ. ಸುವರ್ಣಗಡ್ಡೆ ತಂದು ಅಮಲಾ ಮಾಡಲು ಹೋದರೆ ಗಂಟಲು ತುರಿಸಿಕೊಳ್ಳುವುದಷ್ಟೇ ಸಿಗುವುದು.

ಈ ಉಂಡೆಗಳ ನಡುವೆ ಮೇಲುಕೀಳೂ ಉಂಟು. ಯೊರುಬಾದಲ್ಲಿ ಒಂದು ಮಾತಿದೆ: ‘ಇಯಾನ್ ಲೊಉಂಜೆ, ಒಕಾ ಲೊಒಗುನ್, ಐರಿ ರಾರಾ ಲಾ ನ್ ಜೆಕೊ, ಕೆನು ಮಾ ದಿಲೆ ನಿ ತಿ ಗುಗುರು.’ ಇಯಾನ್ ಉಂಡರೆ ಅದು ಊಟ, ಒಕಾ ಉಂಡರೆ ಅದು ಔಷಧಿ, ಏನೂ ಸಿಗದಾಗ ಉಣ್ಣುವುದು ಎಕೊ, ಬಾಯಿ ಬರಿದಿರಬಾರದು ಎಂದು ಗುಗುರು. ಇಲ್ಲಿ ಒಕಾ ಅಂದರೆ ಅಮಲಾ. ಎಕೊ ಹುಳಿಸಿದ ಮೆಕ್ಕೆಜೋಳದ ಗಂಜಿಯನ್ನು ಎಲೆಯಲ್ಲಿ ಕಟ್ಟಿ ಹೆಪ್ಪುಗಟ್ಟಿಸಿದ್ದು, ಗುಗುರು ಮೆಕ್ಕೆಜೋಳದ ಅರಳು. ಇಯಾನ್ ಎಂದರೆ ಬೇಯಿಸಿದ ಇಶುವನ್ನು ಒರಳಲ್ಲಿ ಕುಟ್ಟಿ ನಯಗೊಳಿಸಿದ್ದು. ಮೂಲ ಗೆಣಸು ಅಮಲಾದ್ದೇ, ಒಂದನ್ನು ಹಸಿಯಾಗಿ ಬೇಯಿಸಿ ಕುಟ್ಟುತ್ತಾರೆ, ಇನ್ನೊಂದನ್ನು ಒಣಗಿಸಿ ಬೀಸುತ್ತಾರೆ. ಈ ಪಟ್ಟಿಯಲ್ಲಿ ಫುಫು ಇಲ್ಲವೇ ಇಲ್ಲ. ಮರಗೆಣಸು ಬ್ರೆಜಿಲಿನಿಂದ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು, ಇಶುವಿನ ಮುಂದೆ ಅದು ಹೊಸಬ.

ಇಯಾನ್‌ಗೆ ಮೊದಲ ಸ್ಥಾನ ಕೊಡುವವರು ಎಕಿಟಿ, ಇಜೆಶಾ, ಒಂಡೊ ಕಡೆಯವರು. ಎಕಿಟಿಯವರಿಗೆ ಒರಳಿನ ಸದ್ದು ಕೇಳದ ದಿನ ದಿನವೇ ಅಲ್ಲ ಎಂದು ಉಳಿದವರು ನಗುತ್ತಾರೆ. ಒಯೊ, ಇಬಾದಾನ್ ಕಡೆಯವರಿಗೆ ಅಮಲಾ. ಅದರ ಜೊತೆ ಎವೆದು ಮತ್ತು ಗ್ಬೆಗಿರಿ ಇರಲೇಬೇಕು. ಎವೆದು ಎಂದರೆ ಸೆಣಬಿನ ಜಾತಿಯ ಗಿಡದ ಎಳೆ ಸೊಪ್ಪು, ಬೆಂದ ಮೇಲೆ ‘ಇಜಾಬೆ’ ಎಂಬ ಪುಟ್ಟ ಪೊರಕೆಯಿಂದ ಪಾತ್ರೆಯಲ್ಲೇ ಕುಟ್ಟಿ ಕುಟ್ಟಿ ಲೋಳೆಯಾಗಿಸಿದ್ದು. ಗ್ಬೆಗಿರಿ ಸಿಪ್ಪೆ ತೆಗೆದ ಅಲಸಂದೆಯನ್ನು ಕರಗುವಂತೆ ಬೇಯಿಸಿದ ಹಳದಿ ಸಾರು. ಎರಡನ್ನೂ ಒಂದರ ಮೇಲೊಂದು ಸುರಿದು, ಮೇಲೆ ‘ಒಬೆ ಅತಾ’ ಎಂಬ ಕೆಂಪು ಮೆಣಸಿನಕಾಯಿ ಸಾರು ಹಾಕಿದರೆ ‘ಅಬುಲಾ’. ಇಜೆಬು ಕಡೆಯವರ ಹೆಮ್ಮೆ ‘ಇಕೊಕೊರೆ’, ನೀರುಗೆಣಸನ್ನು ತುರಿದು ಮೆಣಸಿನಕಾಯಿ, ಮೀನಿನ ಜೊತೆ ಬೇಯಿಸಿದ್ದು. ಅದನ್ನು ಇಬಾದಾನಿನವರು ಊಟವೆಂದು ಒಪ್ಪುವುದು ಕಷ್ಟ. ಒಂಡೊದವರನ್ನು ಉಳಿದ ಯೊರುಬಾಗಳು ನಾಯಿಮಾಂಸದ ಹೆಸರಲ್ಲಿ ಕಾಡುತ್ತಾರೆ. ಕಬ್ಬಿಣದ ದೇವರು ಒಗುನ್‌ಗೆ ನಾಯಿ ಬಲಿ ಕೊಡುವ ಹಳೆಯ ಪದ್ಧತಿಯಿಂದ ಹುಟ್ಟಿದ ಮಾತದು. ಬಲಿಯ ಸಂದರ್ಭವನ್ನು ಬಿಟ್ಟು ಬರೀ ಮಾಂಸವನ್ನಷ್ಟೇ ಹಿಡಿದು ಆಡಿಕೊಳ್ಳುವುದು ನ್ಯಾಯವಲ್ಲ.

ಈ ಊಟ ರಾಜಕೀಯಕ್ಕೂ ಹೆಸರು ಕೊಟ್ಟಿದೆ. ಇಬಾದಾನಿನ ಮೊಲೆಟೆಯಲ್ಲಿ ಲಮಿಡಿ ಅಡೆಡಿಬು ಎಂಬ ನಾಯಕ ದಿನವೂ ಮನೆಗೆ ಬಂದವರಿಗೆಲ್ಲ ಅಮಲಾ ಬಡಿಸಿ ಜನಬಲ ಕಟ್ಟಿದ್ದ. 2008ರಲ್ಲಿ ಆತ ತೀರಿಕೊಂಡರೂ ‘ಅಮಲಾ ಪಾಲಿಟಿಕ್ಸ್’ ಎಂಬ ಮಾತು ಉಳಿದಿದೆ. 2014ರ ಎಕಿಟಿ ಗವರ್ನರ್ ಚುನಾವಣೆಯಲ್ಲಿ ಅಯೊ ಫಯೊಸೆ ಗೆದ್ದಾಗ ಬಾಯಿಂದ ಬಾಯಿಗೆ ಹರಡಿದ್ದು ‘ಹೊಟ್ಟೆಯ ಮೂಲಸೌಕರ್ಯ’ ಎಂಬ ಮಾತು, ಅಂದರೆ ಮತದಾರರ ಹೊಟ್ಟೆಗೆ ನೇರವಾಗಿ ಹಾಕುವ ರಾಜಕೀಯ. ಅಡೆಡಿಬುವಿನದನ್ನು ಯಾರೂ ‘ಫುಫು ಪಾಲಿಟಿಕ್ಸ್’ ಅನ್ನಲಿಲ್ಲ. ಯಾವ ಊರು, ಯಾವ ಮುದ್ದೆ ಎನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು.

ಜನಾಂಗದ ಗಡಿ ದಾಟಿದರೆ ಮಾತು ಇನ್ನಷ್ಟು ಖಾರವಾಗುತ್ತದೆ. ಇಗ್ಬೊ ಭಾಷೆಯಲ್ಲಿ ಯೊರುಬಾಗಳಿಗೆ ‘ನ್ದಿ ಒಫೆ ಮ್ಮನು’ ಎಂಬ ಅಡ್ಡಹೆಸರಿದೆ. ಒಫೆ ಎಂದರೆ ಸಾರು, ಮ್ಮನು ಎಂದರೆ ಎಣ್ಣೆ, ನ್ದಿ ಎಂದರೆ ಜನ. ಎಣ್ಣೆ ಸಾರಿನವರು. ಇದರ ಹಿಂದೆ ಅಡುಗೆಯ ನಿಜವಾದ ವ್ಯತ್ಯಾಸವೊಂದಿದೆ. ಯೊರುಬಾಗಳ ಒಬೆ ಅತಾಕ್ಕೆ ತತಾಶೆ ಎಂಬ ದಪ್ಪ ಕೆಂಪು ಮೆಣಸಿನಕಾಯಿ, ರೊದೊ ಎಂಬ ಗುಂಡನೆಯ ಘಾಟಿನ ಕಾಯಿ, ಟೊಮೆಟೊ, ಈರುಳ್ಳಿ ಎಲ್ಲವನ್ನೂ ರುಬ್ಬಿ, ಎಣ್ಣೆಯಲ್ಲಿ ನೀರು ಆರುವವರೆಗೆ ಹುರಿಯುತ್ತಾರೆ. ಹದ ಬಂತು ಅನ್ನುವುದಕ್ಕೆ ಗುರುತೇ ಎಣ್ಣೆ ಮೇಲೆ ತೇಲುವುದು. ಇಗ್ಬೊ ಸಾರುಗಳ ಗುಣ ಬೇರೆ. ಒಫೆ ಒನುಗ್ಬು, ಒಫೆ ಒಹಾಗಳಲ್ಲಿ ಸೊಪ್ಪು ತುಂಬಿರುತ್ತದೆ, ಕೆಸುವಿನ ಗೆಡ್ಡೆಯನ್ನು ಕುಟ್ಟಿ ಹಾಕಿ ಮಂದ ಮಾಡುತ್ತಾರೆ, ಒಣಮೀನು ಇರಲೇಬೇಕು. ಒಫೆ ನ್ಸಾಲಾಕ್ಕೆ ತಾಳೆಣ್ಣೆಯನ್ನೇ ಹಾಕುವುದಿಲ್ಲ. ಅಂಥ ಸಾರು ಉಂಡು ಬೆಳೆದವರಿಗೆ ಮೇಲೆ ಕೆಂಪೆಣ್ಣೆ ನಿಂತ ತಟ್ಟೆ ಅರೆಬೆಂದ ಕೆಲಸದ ಹಾಗೆ ಕಂಡರೆ ಆಶ್ಚರ್ಯವಿಲ್ಲ.

ಆದರೆ ಎಣ್ಣೆ ಯೊರುಬಾಗಳ ಸ್ವತ್ತಲ್ಲ. ತಾಳೆಹಣ್ಣನ್ನೇ ಹಿಂಡಿ ಮಾಡುವ ಒಫೆ ಅಕ್ವು ಇಗ್ಬೊಗಳದೇ. ಯೊರುಬಾಗಳ ಕಡೆಯ ಚುಚ್ಚುಮಾತೂ ಅಷ್ಟೇ ಪೊಳ್ಳು. ‘ಅಕ್ಪು ನಾರುತ್ತದೆ, ಒನುಗ್ಬು ಕಹಿ’ ಅನ್ನುತ್ತಾರೆ. ಅಕ್ಪು ಎಂದು ಮೂಗು ಮುಚ್ಚಿಕೊಳ್ಳುವ ಆ ಹುಳಿ ಮುದ್ದೆಯೇ ಇಜೆಬು, ಎಗ್ಬಾ ಕಡೆಯ ಯೊರುಬಾ ಮನೆಗಳ ಫುಫು. ಒನುಗ್ಬು ಗಿಡವೇ ಯೊರುಬಾಗಳ ‘ಎವುರೊ’. ಎರಡೂ ಕಡೆಯವರು ಅದನ್ನು ಚೆನ್ನಾಗಿ ತಿಕ್ಕಿ ತೊಳೆದು ಕಹಿ ಇಳಿಸಿಯೇ ಹಾಕುವುದು. ಖಾರದ ವಿಷಯಕ್ಕೆ ಮಾತ್ರ ಯೊರುಬಾಗಳು ಸಮಜಾಯಿಷಿ ಕೊಡುವವರಲ್ಲ: ‘ಎಮಿ ತಿ ಕೊ ಜಾತಾ, ಎಮಿ ಯೆಪೆರೆ ನಿ’, ಖಾರ ತಿನ್ನದ ಜೀವ ಸತ್ವವಿಲ್ಲದ ಜೀವ. ವಿಚಿತ್ರವೆಂದರೆ ಇದೇ ಜಗಳಗಂಟರು ಉತ್ತರದ ಹೌಸಾಗಳು ಸುಯಾ ಎಂಬ ಮಸಾಲೆ ಮಾಂಸ ಸುಡುವ ಒಲೆಯ ಮುಂದೆ ಸಂಜೆ ತಕರಾರಿಲ್ಲದೆ ಸಾಲುಗಟ್ಟುತ್ತಾರೆ. ಹೌಸಾಗಳ ಮುದ್ದೆ ‘ತುವೊ’ ಬಗ್ಗೆ ದಕ್ಷಿಣದಲ್ಲಿ ಈ ಮಟ್ಟದ ಹಠ ಕಾಣುವುದಿಲ್ಲ. ಲಾಗೋಸ್‌ನಲ್ಲಿ ಒಂದೇ ಬೀದಿಯಲ್ಲಿ ಬದುಕುತ್ತಾ, ಅಂಗಡಿಗೂ ಬಾಡಿಗೆಗೂ ವೋಟಿಗೂ ಮುಖಾಮುಖಿಯಾಗುವವರು ಯೊರುಬಾಗಳೂ ಇಗ್ಬೊಗಳೂ. ಮಾತು ಹರಿತವಾಗುವುದೂ ಅವರ ನಡುವೆಯೇ.

ಅದಕ್ಕೇ ‘ಒಫೆ ಮ್ಮನು’ ಎಂಬುದನ್ನು ಯಾವುದೋ ಸಾರಿನ ಹೆಸರೆಂದು ಭಾವಿಸಿ ಕನ್ನಡದಲ್ಲಿ ‘ರೆಸಿಪಿ’ ಎಂದು ಹಾಕಬೇಡಿ. ಒಟ್ಟಿಗೆ ಓದಿದ ಗೆಳೆಯರು ಆ ಮಾತನ್ನು ತಮಾಷೆಗೆ ಅಂದುಕೊಳ್ಳುತ್ತಾರೆ. ಚುನಾವಣೆ ಹತ್ತಿರವಾದಾಗ ಅದೇ ಮಾತು ಬೈಗುಳವಾಗುತ್ತದೆ. 2023ರ ಲಾಗೋಸ್ ಗವರ್ನರ್ ಚುನಾವಣೆಯಲ್ಲಿ ಇಗ್ಬೊ ಮತದಾರರನ್ನು ಹೆದರಿಸಿದ ಪ್ರಕರಣಗಳು ವರದಿಯಾದವು. ಅಂಥ ಹೊತ್ತಿನಲ್ಲಿ ಎರಡೂ ಕಡೆ ಊಟದ ಹೆಸರಲ್ಲೇ ಜನರನ್ನು ಹೀನಾಯವಾಗಿ ಬೈಯುತ್ತಾರೆ. ಹೊರಗಿನವರು ಆ ಮಾತನ್ನು ಎತ್ತಿಕೊಂಡರೆ ತಮಾಷೆಯ ಪಾಲು ಸಿಗುವುದಿಲ್ಲ, ಬೈಗುಳ ಮಾತ್ರ ಅಂಟುತ್ತದೆ.

ಉಂಡೆ ಕಡುಗಂದು ಬಣ್ಣದ್ದಾಗಿದ್ದು ಜೊತೆಗೆ ಹಸಿರು, ಹಳದಿ ಸಾರು ಇದ್ದರೆ ಅಮಲಾ ಎಂದು ಬರೆಯಿರಿ. ನಯವಾಗಿ ಹಿಗ್ಗುವ ಬಿಳಿ ಮುದ್ದೆಯಾಗಿದ್ದರೆ ಇಯಾನ್ ಇರಬಹುದು. ಹುಳಿ ವಾಸನೆಯ ಬಿಳಿಯದಾದರೆ ಫುಫು ಅಥವಾ ಅಕ್ಪು, ಬಡಿಸಿದವರು ಯಾರು ಎಂಬುದರ ಮೇಲೆ. ತರಿತರಿಯಾಗಿದ್ದರೆ ಅದು ಗಾರಿಯಿಂದ, ಅಂದರೆ ತುರಿದು ಹುಳಿಸಿ ಹುರಿದ ಮರಗೆಣಸಿನ ತರಿಯಿಂದ, ಮಾಡಿದ ಎಬಾ, ತಾಳೆಣ್ಣೆ ಬೆರೆತ ಗಾರಿಯಾದರೆ ಬಣ್ಣ ಹಳದಿ. ಕಣ್ಣಿಗೆ ತಿಳಿಯದಿದ್ದರೆ ಬಡಿಸಿದವರನ್ನೇ ಕೇಳಬೇಕು, ಯಾವ ಊರಿನದು ಎಂಬುದನ್ನೂ ಸೇರಿಸಿ ಹೇಳುತ್ತಾರೆ.